ಮಲಗಿ ಎದ್ದ ನಾಣ್ಯಗಳು

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಒಂದು ಪ್ರತಿಗೆ ಎರಡು ರೂಪಾಯಿ. ಆಧಾರ್ ಪ್ರತಿ, ಪಹಣಿ ಪ್ರತಿ, ಮಕ್ಕಳ ಅಂಕಪಟ್ಟಿ ಎಂದು ದಿನವಿಡೀ ಜನ ಬರುತ್ತಾರೆ. ಹಾಗಾಗಿ ಕೌಂಟರ್ ಮೇಲಿನ ಸ್ಟೀಲ್ ಡಬ್ಬ ಚಿಲ್ಲರೆಯಿಂದ ತುಂಬುತ್ತಲೇ ಇರುತ್ತದೆ. ಈಗ ಫೋನಿನಲ್ಲೇ ದುಡ್ಡು ಕೊಡುವವರು ಜಾಸ್ತಿ. ಆದರೂ ಹಳ್ಳಿಯಿಂದ ಬರುವ ಹಿರಿಯರು ಸೀರೆ ಸೆರಗಿನ ಗಂಟಿನಿಂದ, ಅಂಗಿಯ ಒಳಜೇಬಿನಿಂದ ನಾಣ್ಯವನ್ನೇ ತೆಗೆಯುತ್ತಾರೆ. ನನ್ನ ಸಂಗ್ರಹದ ಮುಕ್ಕಾಲು ಭಾಗ ಆ ಗಂಟುಗಳಿಂದಲೇ ಬಂದಿದೆ.

ಶುರುವಾಗಿದ್ದು ಒಂದು ಆನೆಯಿಂದ. ರಾತ್ರಿ ಲೆಕ್ಕ ಹಾಕುವಾಗ ಒಂದು ಎರಡು ರೂಪಾಯಿ ನಾಣ್ಯ ಕೈಗೆ ಬಂತು. ಹನ್ನೊಂದು ಮೂಲೆಯ ಹಳೇ ನಾಣ್ಯ. ಭಾರತದ ನಕ್ಷೆ ಇರಬೇಕಾದ ಕಡೆ ಲಾಟೀನು ಹಿಡಿದು ನಿಂತ ಪುಟ್ಟ ಆನೆ! ಅದು ಭೋಲು, ರೈಲ್ವೆ ಗಾರ್ಡ್. ಭಾರತೀಯ ರೈಲ್ವೆಗೆ 150 ವರ್ಷ ತುಂಬಿದ್ದಕ್ಕೆ 2003ರಲ್ಲಿ ಈ ನಾಣ್ಯ ಬಂದಿತ್ತು. ಭೋಲುವನ್ನು ಮೊದಲು ಜನರಿಗೆ ತೋರಿಸಿದ್ದು ನಮ್ಮ ಬೆಂಗಳೂರಿನಲ್ಲೇ, 2002ರ ಏಪ್ರಿಲ್ 16ರಂದು. ಇದು ತಿಳಿದ ಮೇಲೆ ಆ ನಾಣ್ಯವನ್ನು ಡಬ್ಬಕ್ಕೆ ವಾಪಸ್ ಹಾಕಲು ಮನಸ್ಸೇ ಬರಲಿಲ್ಲ. ಇಷ್ಟು ವರ್ಷ ಇಂಥವು ಎಷ್ಟು ನನ್ನ ಕೈದಾಟಿ ಹೋದವೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಪ್ರತಿ ನಾಣ್ಯ ನೋಡತೊಡಗಿದೆ. ಆದರೆ ಏನು ನೋಡಬೇಕು ಎಂಬುದು ಗೊತ್ತಿರಲಿಲ್ಲ. ಸುಮ್ನೆ ಚಿತ್ರ ನೋಡುತ್ತಿದ್ದೆ. ಕಣ್ಣು ಪಳಗಲು ಒಂದು ವರ್ಷವೇ ಬೇಕಾಯಿತು. ಈಗ ನಾಣ್ಯ ಕೈಗೆ ಬಂದರೆ ಮೊದಲು ಇಸವಿಯ ಕೆಳಗೆ ನೋಡುತ್ತೇನೆ. ಅಲ್ಲಿ ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗದ, ಗುರುತು ಇರುತ್ತದೆ. ಸಣ್ಣ ಡೈಮಂಡ್ ಆಕಾರ ಇದ್ದರೆ ಮುಂಬೈ. ಐದು ಮೂಲೆಯ ನಕ್ಷತ್ರ ಹೈದರಾಬಾದ್. ದುಂಡು ಚುಕ್ಕಿ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಸಾಮಾನ್ಯ ಭೂತಗನ್ನಡಿ ಸಾಕು, ಹಗಲು ಬೆಳಕಿನಲ್ಲಿ ಬರಿಗಣ್ಣಿಗೂ ಕಾಣುತ್ತದೆ. ಒಂದೇ ಇಸವಿಯ ಒಂದೇ ನಾಣ್ಯ ನಾಲ್ಕು ಊರಿನಲ್ಲಿ ಅಚ್ಚಾಗಿರಬಹುದು. ಆ ನಾಲ್ಕನ್ನೂ ಜೋಡಿಸುವ ಖುಷಿಯೇ ಬೇರೆ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಗೊತ್ತಾಯಿತು. ನಮ್ಮ ನಾಣ್ಯಗಳೆಲ್ಲ ನಮ್ಮ ದೇಶದಲ್ಲೇ ಅಚ್ಚಾದವಲ್ಲ. ಬೇಡಿಕೆ ಹೆಚ್ಚಾದಾಗ ಹೊರದೇಶದಲ್ಲೂ ಮಾಡಿಸಿದ್ದಾರೆ. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಬಂದದ್ದು. 1999, 2000ದ ದಪ್ಪ ಐದು ರೂಪಾಯಿಗಳಲ್ಲಿ ಕೆಲವು ಮಾಸ್ಕೋದವು. ನಮ್ಮ ತೆಂಗಿನಕಾಯಿ ಮಂಡಿಯಲ್ಲಿ ಓಡಾಡಿದ ದುಡ್ಡು ಮಾಸ್ಕೋದಲ್ಲಿ ಹುಟ್ಟಿದ್ದು ಎಂದರೆ ಆಶ್ಚರ್ಯ ಅಲ್ವಾ? ಮಾಸ್ಕೋದ್ದು ನನ್ನ ಬಳಿ ಮೂರು ಇವೆ. ಎಚ್ ಒಂದೇ ಒಂದು.

ಮ್ಯಾಗ್ನೆಟ್ ಕೂಡ ಬೇಕು. ಹಳೇ ಸ್ಪೀಕರಿನಿಂದ ಕಿತ್ತದ್ದು ನನ್ನ ಮೇಜಿನ ಮೇಲೇ ಇದೆ. ಹಳೇ ಐದು ರೂಪಾಯಿ ತಾಮ್ರ-ನಿಕಲ್ ಮಿಶ್ರಣದ್ದು, ಒಂಬತ್ತು ಗ್ರಾಂ ತೂಕ. ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಆಮೇಲೆ ಬಂದ ಸ್ಟೀಲಿನ ಐದು ರೂಪಾಯಿ ಆರು ಗ್ರಾಂ, ಟಕ್ಕನೆ ಅಂಟುತ್ತದೆ. ಇದು ಯಾಕೆ ಮುಖ್ಯ ಎಂದರೆ, ಕೆಲವು ಸ್ಮರಣಾರ್ಥ ನಾಣ್ಯಗಳು ಎರಡೂ ಲೋಹದಲ್ಲಿ ಬಂದಿವೆ. ದಂಡಿ ಯಾತ್ರೆಗೆ 75 ವರ್ಷ ತುಂಬಿದ 2005ರ ಐದು ರೂಪಾಯಿ ಹಾಗೆಯೇ. ಚಿತ್ರ ಒಂದೇ, ಲೋಹ ಬೇರೆ. ಮ್ಯಾಗ್ನೆಟ್ ಇಲ್ಲದ ದಿನಗಳಲ್ಲಿ ‘ಇದು ನನ್ನ ಹತ್ತಿರ ಇದೆ’ ಎಂದು ಎಷ್ಟೋ ದಂಡಿ ನಾಣ್ಯಗಳನ್ನು ಚಿಲ್ಲರೆಯಾಗಿ ಕೊಟ್ಟುಬಿಟ್ಟಿದ್ದೇನೆ.

ಕೊನೆಗೆ ತಿರುಗಿಸಿ ನೋಡುವುದು. ನಾಣ್ಯದ ಮೇಲ್ತುದಿ, ಕೆಳತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿ. ಹಿಂಬದಿಯೂ ನೇರವಾಗಿ ನಿಂತಿರಬೇಕು. ಓರೆಯಾಗಿದ್ದರೆ ಅಚ್ಚು ತಿರುಗಿ ಕೂತಿತ್ತು ಎಂದರ್ಥ. ಅಂಥದ್ದು ನನಗೆ ಸಿಕ್ಕಿರುವುದು ಎರಡು.

ಈಗ ಬ್ಯಾಂಕಿನ ವಿಷಯ. ನಾಣ್ಯ ಹುಡುಕುವವರು ಮೊದಲು ಓಡುವುದೇ ಬ್ಯಾಂಕಿಗೆ. ನಾನೂ ಓಡಿದ್ದೆ. ಕ್ಯಾಷ್ ಕೌಂಟರಿನಲ್ಲಿ ಚಿಲ್ಲರೆ ಕೇಳುವವರು ಕಡಿಮೆ, ತಂದು ಸುರಿಯುವವರೇ ಜಾಸ್ತಿ. ಹಾಗಾಗಿ “ಮೇಡಂ, ಒಂದು ಸಾವಿರಕ್ಕೆ ಚಿಲ್ಲರೆ ಬೇಕಿತ್ತು” ಎಂದಾಗ ಅವರ ಮುಖ ಅರಳಿತು. ನೂರು ನೂರರ ಪ್ಲಾಸ್ಟಿಕ್ ಪೊಟ್ಟಣಗಳನ್ನು ಕೊಟ್ಟರು. ಮನೆಗೆ ತಂದು ಬಿಚ್ಚಿದರೆ ಎಲ್ಲವೂ ಫಳಫಳ ಹೊಸವು. ಒಂದೇ ಇಸವಿ, ಒಂದೇ ಗುರುತು. ನೂರರಲ್ಲಿ ನೂರೂ ಒಂದೇ! ಆರು ತಿಂಗಳು ಹೀಗೇ ಬ್ಯಾಂಕಿಗೆ ಅಲೆದೆ. ಸಿಕ್ಕಿದ್ದು ಬಹಳ ಕಡಿಮೆ.

ಆಮೇಲೆ ಕೇಳುವ ರೀತಿ ಬದಲಿಸಿದೆ. “ಮೇಡಂ, ಹೊಸದು ಬೇಡ. ಯಾರಾದರೂ ಕಟ್ಟಿದ ಹಳೇ ಚಿಲ್ಲರೆ ಇದ್ದರೆ ಕೊಡಿ.” ಅಂಗಡಿಯವರು, ದೇವಸ್ಥಾನದವರು ಕಟ್ಟಿದ ಕಲಬೆರಕೆ ಪೊಟ್ಟಣಗಳು ಅವು. ಅಲ್ಲಿಂದ ನನ್ನ ಅದೃಷ್ಟವೇ ಬದಲಾಯಿತು. ಟಂಕಸಾಲೆಯಿಂದ ನೇರವಾಗಿ ಬಂದ ನಾಣ್ಯದಲ್ಲಿ ವಿಶೇಷ ಕಡಿಮೆ. ಮನೆಯಲ್ಲಿ ಮಲಗಿದ್ದು ಎದ್ದು ಬಂದ ನಾಣ್ಯದಲ್ಲೇ ಎಲ್ಲ ಇರುವುದು. ದೇವರ ಗೂಡಿನಲ್ಲಿಟ್ಟ ಮುಡುಪು, ಅಜ್ಜಿಯ ಅಡಿಕೆ ಚೀಲ, ಮಕ್ಕಳು ಒಡೆದ ಮಣ್ಣಿನ ಹುಂಡಿ, ಹೀಗೆ ಹತ್ತಿಪ್ಪತ್ತು ವರ್ಷ ಕದಲದೆ ಇದ್ದದ್ದು ಒಂದು ದಿನ ಹೊರಗೆ ಬರುತ್ತದೆ. ಅದು ನಿಮ್ಮ ಕೈಗೆ ಬಂದ ದಿನ ನೀವು ನೋಡಬೇಕು, ಅಷ್ಟೇ.

ಅದಕ್ಕೇ ನಮ್ಮ ಬೀದಿಯ ದೇವಸ್ಥಾನದ ಕಾಣಿಕೆ ಹುಂಡಿ ಎಣಿಸಲು ತಪ್ಪದೆ ಹೋಗುತ್ತೇನೆ. ಮೊದಲೇ ಸಮಿತಿಯವರಿಗೆ ಹೇಳಿದ್ದೇನೆ. ನನಗೆ ಬೇಕಾದ ನಾಣ್ಯ ಎಲ್ಲರೆದುರೇ ಎತ್ತಿಡುತ್ತೇನೆ, ಅದರ ಬದಲು ಅಷ್ಟೇ ದುಡ್ಡು ಹಾಕುತ್ತೇನೆ, ಪುಸ್ತಕದಲ್ಲಿ ಬರೆಸುತ್ತೇನೆ. ದೇವರ ದುಡ್ಡಿನ ವಿಷಯದಲ್ಲಿ ಗುಟ್ಟು ಇರಬಾರದು. ಈಗಲೂ ಹುಂಡಿಯಲ್ಲಿ ನಾಲ್ಕಾಣೆ ಬೀಳುತ್ತದೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿತು. ಬ್ಯಾಂಕ್ ತೆಗೆದುಕೊಳ್ಳುವುದಿಲ್ಲ. ಸಮಿತಿಯವರು ಅವನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದರು. ಒಂದಕ್ಕೆ ಎರಡು ರೂಪಾಯಿಯಂತೆ ಲೆಕ್ಕ ಮಾಡಿ ನಾನೇ ತೆಗೆದುಕೊಂಡೆ. ಅದರಲ್ಲಿ 1964ಕ್ಕಿಂತ ಹಿಂದಿನ ‘ನಯಾ ಪೈಸೆ’ಗಳೂ ಇದ್ದವು.

ನನ್ನ ದೊಡ್ಡ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ನಮ್ಮಜ್ಜಿಯ ಪೆಟ್ಟಿಗೆಯಲ್ಲಿ ಕಮಲದ ಇಪ್ಪತ್ತು ಪೈಸೆ ಇತ್ತು. 1970ರದ್ದು, ಹಳದಿ ಬಣ್ಣದ್ದು. ಅದರಲ್ಲಿ ಚಿನ್ನ ಇದೆ ಎಂದು ನಮ್ಮ ಕಡೆ ನಂಬುತ್ತಿದ್ದರು. ಚಿನ್ನ ಇಲ್ಲ, ಅದು ತಾಮ್ರದ ಮಿಶ್ರಲೋಹ. ಕಪ್ಪಾಗಿತ್ತು ಎಂದು ಹುಣಸೆಹಣ್ಣು, ಬೂದಿ ಹಾಕಿ ದೇವರ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಹೊಳೆಯಿತು. ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ಹೋದಾಗ ಒಬ್ಬ ಹಿರಿಯ ವ್ಯಾಪಾರಿಗೆ ತೋರಿಸಿದೆ. ಅವರು ಓರೆಯಾಗಿ ಬೆಳಕಿಗೆ ಹಿಡಿದರು. ಮೈತುಂಬಾ ಕೂದಲೆಳೆಯಂಥ ಗೀರು. “ಅಯ್ಯೋ, ಯಾಕಪ್ಪಾ ತೊಳೆದೆ?” ಎಂದು ನೊಂದುಕೊಂಡರು. ಐವತ್ತು ವರ್ಷ ಕಾಲ ತಾನಾಗಿ ಹತ್ತಿಸಿದ್ದ ಬಣ್ಣವನ್ನು ನಾನು ಐದು ನಿಮಿಷದಲ್ಲಿ ಅಳಿಸಿಬಿಟ್ಟಿದ್ದೆ. ದಯವಿಟ್ಟು ನಾಣ್ಯ ತಿಕ್ಕಬೇಡಿ. ಮುಯ್ಯಿ ಕವರಿನಿಂದ ತೆಗೆದ ರೂಪಾಯಿಗೆ ಅಂಟು ಇದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು.

ಬೆಲೆ ಬಗ್ಗೆಯೂ ಒಂದು ಮಾತು. ‘ವೈಷ್ಣೋದೇವಿ ನಾಣ್ಯ ಇದ್ದರೆ ಲಕ್ಷಗಟ್ಟಲೆ ಸಿಗುತ್ತದೆ’ ಎಂಬ ಸಂದೇಶ ನಿಮಗೂ ಬಂದಿರುತ್ತದೆ. 2012ರ ಆ ಐದು ರೂಪಾಯಿ ನನ್ನ ಡಬ್ಬದಲ್ಲೇ ಇಪ್ಪತ್ತಕ್ಕೂ ಜಾಸ್ತಿ ಇವೆ. ಮಾಮೂಲಿ ನಾಣ್ಯ ಅದು. ನಮ್ಮ ಪಕ್ಕದ ಅಂಗಡಿಯ ಹುಡುಗ ಇಂಥದ್ದೇ ಮಾತು ನಂಬಿ, ‘ನೋಂದಣಿ ಶುಲ್ಕ’ ಎಂದು ಎರಡು ಸಾವಿರ ಕಳೆದುಕೊಂಡ. ರಿಸರ್ವ್ ಬ್ಯಾಂಕ್ ಹಳೇ ನೋಟು, ನಾಣ್ಯಗಳ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಅದು ಈ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಮೊದಲು ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ನಾನು ಬಹಳ ದಿನ ಕಾದದ್ದು 2006ರ ಬಸವಣ್ಣನವರ ಐದು ರೂಪಾಯಿಗೆ. ಕೊಂಡುಕೊಳ್ಳಬಹುದಿತ್ತು, ಆದರೆ ಚಿಲ್ಲರೆಯಲ್ಲೇ ಸಿಗಲಿ ಎಂಬ ಹಟ. ಒಂದು ಮಧ್ಯಾಹ್ನ ಪಿಂಚಣಿ ಅರ್ಜಿ ಜೆರಾಕ್ಸ್ ಮಾಡಿಸಿದ ಅಜ್ಜಿ ಗಂಟು ಬಿಚ್ಚಿ ಕೌಂಟರಿನ ಮೇಲಿಟ್ಟರು. ನೋಡಿದರೆ ಅದೇ!

“ಅಜ್ಜಿ, ಇದರ ಮೇಲೆ ಬಸವಣ್ಣ ಇದ್ದಾರೆ, ನೋಡಿದಿರಾ?”

“ಹೌದೇನಪ್ಪಾ? ಎಲ್ಲಿ, ತೋರ್ಸು.”

ಭೂತಗನ್ನಡಿ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಕಣ್ಣಿಗೊತ್ತಿಕೊಂಡು ಮತ್ತೆ ಗಂಟಿಗೆ ಕಟ್ಟಿಕೊಂಡರು. ಬದಲಿಗೆ ಹತ್ತರ ನೋಟು ಕೊಟ್ಟರು. ನನಗೆ ಕೇಳಲು ಬಾಯಿ ಬರಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟೆ.

ನನಗೆ ಬಸವಣ್ಣ ಸಿಕ್ಕಿದ್ದು ಅದಾಗಿ ಹನ್ನೊಂದು ತಿಂಗಳಿಗೆ, ದೇವಸ್ಥಾನದ ಹುಂಡಿಯಲ್ಲಿ, ಕುಂಕುಮ ಮೆತ್ತಿಕೊಂಡು. ಮ್ಯಾಗ್ನೆಟ್‌ಗೆ ಅಂಟಿತು, ಸ್ಟೀಲಿನದು. ಕುಂಕುಮ ಒರೆಸಿಲ್ಲ. ಹಾಗೇ ಕಾಗದದ ಹೋಲ್ಡರಿನಲ್ಲಿಟ್ಟು, ಸಿಕ್ಕಿದ ದಿನ, ಸಿಕ್ಕಿದ ಜಾಗ ಪೆನ್ಸಿಲಿನಲ್ಲಿ ಬರೆದಿದ್ದೇನೆ.