ಗಟ್ಟಿ ಮಣ್ಣಿಗೆ ಅಲಸಂದೆ ಹಾಕಿ ನೋಡಿ

ಮನೆ ಕಟ್ಟಿದ ಮೇಲೆ ನಮ್ಮ ಹಿತ್ತಲಲ್ಲಿ ಉಳಿದದ್ದು ಇಟ್ಟಿಗೆ ಚೂರು, ಗಟ್ಟಿ ಕೆಂಪು ಮಣ್ಣು. ಗೊಬ್ಬರಕ್ಕೆ ದುಡ್ಡು ಸುರಿಯುವ ಮೊದಲು ಅಡುಗೆಮನೆಯ ಅಲಸಂದೆ ಡಬ್ಬಿ ತೆಗೆದೆ. ಚೂರು ಆರಿಸಿ, ಮಳೆ ಬಿದ್ದ ಮರುದಿನ ಗುದ್ದಲಿಯಲ್ಲಿ ಕೆದಕಿ, ಕಾಳನ್ನು ಒತ್ತೊತ್ತಾಗಿ ಚೆಲ್ಲಿದೆ.

ಸುಮಾರು 45 ದಿನಕ್ಕೆ ಹೂ ಬರುತ್ತದೆ. ಆಗಲೇ ಗಿಡ ಕತ್ತರಿಸಿ ಮಣ್ಣಿಗೆ ಸೇರಿಸಿಬಿಡಿ, ಅದೇ ಕೊಳೆತು ಗೊಬ್ಬರವಾಗುತ್ತದೆ. ಕಾಯಿ ಆಸೆಗೆ ಬಿಟ್ಟರೆ ಕಾಂಡ ನಾರಾಗಿ, ಕೊಳೆಯಲು ಜಾಸ್ತಿ ದಿನ ಬೇಕು. ಒಂದು ಗಿಡ ಕಿತ್ತು ಬೇರು ನೋಡಿ, ಮೆಣಸಿನ ಕಾಳಿನಂಥ ಗಂಟುಗಳಿರುತ್ತವೆ. ಉಗುರಲ್ಲಿ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ, ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಅಂತ ಅರ್ಥ.

ಆಮೇಲೆ ಒಣ ಎಲೆ ಹೊದಿಸಿ, ತೇವ ಉಳಿಸಿ, ಮೂರು ವಾರ ಸುಮ್ನೆ ಬಿಡಿ. ಆತುರಪಟ್ಟು ಬದನೆ ಸಸಿ ನೆಟ್ಟು ಕಳೆದುಕೊಂಡವಳು ನಾನು! ಕಾದು ಹಾಕಿದ ಬೆಂಡೆ ಮಾತ್ರ ಚೆನ್ನಾಗಿ ಬಂತು.