ಮೈನಸ್ ವೋಲ್ಟೇಜಿನಲ್ಲಿ ಲೇಸರ್ ಬೆಳಗಿಸುವುದು ಹೇಗೆ?

ಬಟಾಣಿ ಕಾಳಿನಷ್ಟಿರುವ 5 ಮಿಲಿವ್ಯಾಟಿನ ಕೆಂಪು ಲೇಸರ್ ಡಯೋಡಿಗೆ ಸಾಮಾನ್ಯವಾಗಿ ಮೂರು ಕಾಲು. ಅದರಲ್ಲಿ ಒಂದು ಲೋಹದ ಮೈಗೇ ಅಂಟಿಕೊಂಡಿರುತ್ತದೆ. ಅದು ಆನೋಡೋ (ಪ್ಲಸ್ ಕಾಲು) ಕ್ಯಾಥೋಡೋ (ಮೈನಸ್ ಕಾಲು) ಎಂದು ಡೇಟಾಶೀಟ್, ಅಂದರೆ ತಯಾರಕರ ವಿವರಪಟ್ಟಿ, ನೋಡಿಯೇ ತಿಳಿಯಬೇಕು. ಆನೋಡ್ ಆಗಿದ್ದರೆ ಈ ಲೇಖನ ನಿಮಗೆ.

ಬಿಸಿ ಇಳಿಯಲೆಂದು ಲೇಸರನ್ನು ಹೀಟ್ ಸಿಂಕಿಗೆ ಕೂರಿಸುತ್ತೇವೆ. ಮಾಮೂಲಿ ಪ್ಲಸ್ ಸಪ್ಲೈ ಕೊಟ್ಟರೆ ಇಡೀ ಸಿಂಕ್ ಪ್ಲಸ್ ಆಗುತ್ತದೆ. ನಾನೊಮ್ಮೆ ಹಾಗೇ ಮಾಡಿದ್ದೆ. ಸಿಂಕ್, ಗ್ರೌಂಡ್ (ಸೊನ್ನೆ ವೋಲ್ಟ್) ಆಗಿದ್ದ ತಗಡಿನ ಡಬ್ಬಿಗೆ ತಾಗಿ ಚಟ್ ಎಂದಿತು. ಆಮೇಲೆ ಲೇಸರ್ ಉರಿಯಿತು ನಿಜ, ಆದರೆ ಅಗ್ಗದ ಎಲ್‌ಇಡಿಯ ಹಾಗೆ ಮಂಕಾಗಿ. ಸತ್ತ ಲೇಸರ್ ಹಾಗೇ ಇರುತ್ತದೆ.

ದಾರಿ ಸುಲಭ. ಆನೋಡನ್ನೇ ಗ್ರೌಂಡ್ ಮಾಡಿ, ಕ್ಯಾಥೋಡನ್ನು ಸೊನ್ನೆಗಿಂತ ಕೆಳಗೆ ಎಳೆಯುವುದು. ಮೈನಸ್ ಅಂದರೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಡ. 9 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಡಬ್ಬಿಗೆ ಕಟ್ಟಿದರೆ ಇನ್ನೊಂದು ತುದಿ ಮೈನಸ್ 9 ಆಯಿತು. ಸೊನ್ನೆ ಎಲ್ಲಿ ಅನ್ನೋದು ನಾವು ಇಟ್ಟುಕೊಂಡದ್ದು, ಅಲ್ವಾ? ಕಂಪ್ಯೂಟರಿನ ಯುಎಸ್‌ಬಿಯಿಂದ ಮಾತ್ರ ಹೀಗೆ ಮಾಡಬೇಡಿ. ಅಲ್ಲಿ ಮೈನಸ್ ಮೊದಲೇ ಗ್ರೌಂಡ್ ಆಗಿರುತ್ತದೆ.

ಈಗ ಎಲ್‌ಎಂ337 ತನ್ನಿ, ಮೈನಸ್ ವೋಲ್ಟೇಜನ್ನು ಹಿಡಿತದಲ್ಲಿಡುವ ಮೂರು ಕಾಲಿನ ಐಸಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋದರಾಯಿತು. ಇದರ ಇನ್‌ಪುಟ್ ಕಾಲಿಗೆ ಸ್ವಿಚ್ ಮೂಲಕ ಬ್ಯಾಟರಿಯ ಮೈನಸ್. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 68 ಓಮ್ ರೆಸಿಸ್ಟರ್. ಲೇಸರಿನ ಕ್ಯಾಥೋಡ್ ಸೇರುವುದು ಅಡ್ಜಸ್ಟ್ ಕಾಲಿಗೆ. ಐಸಿ ಆ ರೆಸಿಸ್ಟರಿನ ಮೇಲೆ ಯಾವಾಗಲೂ 1.25 ವೋಲ್ಟ್ ಹಿಡಿದಿಡುತ್ತದೆ. ಅಂದರೆ 68 ಓಮಿಗೆ ಸುಮಾರು 18 ಮಿಲಿಆಂಪ್, 47 ಓಮಿಗೆ 27. ಲೇಸರಿಗೆ ಬೇಕಿರುವುದು ಈ ಅಳತೆಯ ಕರೆಂಟೇ.

ಔಟ್‌ಪುಟ್‌ನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು, ಅದರ ಪ್ಲಸ್ ಗ್ರೌಂಡಿನ ಕಡೆ. 337ರ ಪ್ಲಸ್ ಜೋಡಿಯಾದ 317ರ ಅಭ್ಯಾಸವಿರುವವರು ಇದನ್ನು ಮರೆತುಬಿಡುತ್ತಾರೆ. ಇನ್ನೊಂದು ಮಾತು: 337ರ ಬೆನ್ನಿನ ತಗಡು ಇನ್‌ಪುಟ್‌ಗೇ ಸೇರಿದೆ, ಅಂದರೆ ಮೈನಸ್ 9ರಲ್ಲಿದೆ. ಅದನ್ನು ಲೇಸರಿನ ಸಿಂಕಿಗೆ ಸ್ಕ್ರೂ ಹಾಕಬೇಡಿ. ಕಾಲುಗಳ ಸಾಲೂ 317ರದ್ದಲ್ಲ: ನಡುವಿನದು ಇನ್‌ಪುಟ್.

ಲೇಸರನ್ನು ಈಗಲೇ ಹಾಕಬೇಡಿ. ಅದರ ಜಾಗದಲ್ಲಿ ಮೂರು 1ಎನ್4007 ಡಯೋಡುಗಳನ್ನೂ ಒಂದು 10 ಓಮ್ ರೆಸಿಸ್ಟರನ್ನೂ ಸರಪಳಿಯಾಗಿ ಸೇರಿಸಿ. ಡಯೋಡಿನ ಬಿಳಿ ಪಟ್ಟಿ ಐಸಿ ಕಡೆಗಿರಲಿ. ಮಲ್ಟಿಮೀಟರಿನಲ್ಲಿ 10 ಓಮಿನ ಮೇಲೆ 0.18 ವೋಲ್ಟ್ ಬಂದರೆ 18 ಮಿಲಿಆಂಪ್ ಹರಿಯುತ್ತಿದೆ. ಜಾಸ್ತಿ ಬಂದರೆ ಎಲ್ಲೋ ತಪ್ಪಾಗಿದೆ.

ಸ್ವಿಚ್ ಆಫ್. ಅರ್ಧ ನಿಮಿಷ ಬಿಟ್ಟು ಲೇಸರ್ ಬೆಸೆಯಿರಿ. ಮೈಯಲ್ಲಿನ ಸ್ಟ್ಯಾಟಿಕ್ ಕರೆಂಟಿಗೂ ಇದು ಸಾಯುತ್ತದೆ, ಆದ್ದರಿಂದ ಕಾಲುಗಳನ್ನು ಅಲ್ಲಿಯವರೆಗೆ ತೆಳು ತಂತಿಯಿಂದ ಸುತ್ತಿಡಿ. ಬೆಸೆದ ಮೇಲೆ ತಂತಿ ತೆಗೆಯಿರಿ. ಲೇಸರಿನ ಆನೋಡ್-ಕ್ಯಾಥೋಡುಗಳಿಗೆ ಅಡ್ಡಲಾಗಿ ಒಂದು 1ಎನ್4148 ಡಯೋಡ್ ಹಾಕಿ, ಅದರ ಪಟ್ಟಿ ಗ್ರೌಂಡಿಗೆ. ಬ್ಯಾಟರಿ ತಿರುಗುಮುರುಗಾದರೆ ಲೇಸರಿಗೆ ಅದು ಕಾವಲು.

ಕಣ್ಣಿಗೆ ನೇರ ಬಾರದಂತೆ ಗೋಡೆ ಕಡೆ ತಿರುಗಿಸಿ ಸ್ವಿಚ್ ಹಾಕಿ. 68 ಓಮಿನಲ್ಲಿ ಮಂಕು ಕೆಂಪು ಕಾಣಬಹುದು; ಲೇಸರ್ ಸತ್ತಿತೆಂದಲ್ಲ, ಕರೆಂಟ್ ಸಾಲದೇ ಇರಬಹುದು. ಆಫ್ ಮಾಡಿ, ಡೇಟಾಶೀಟಿನ ಮಿತಿ ನೋಡಿಕೊಂಡು, 47ಕ್ಕೆ ಬದಲಿಸಿ. ಲೆನ್ಸ್ ಹೊಂದಿಸಿದರೆ ಗೋಡೆ ಮೇಲೆ ಚುಕ್ಕಿ ಮೂಡಬೇಕು. ಈಗ ಮೀಟರಿನ ಒಂದು ತುದಿ ಹೀಟ್ ಸಿಂಕಿಗೆ, ಇನ್ನೊಂದು ಡಬ್ಬಿಗೆ ಇಟ್ಟು ನೋಡಿ: ಸೊನ್ನೆ.