ಡ್ಯೂಟಿಲಿ ಪೆಟ್ಟಾದ್ರೆ ಆಸ್ಪತ್ರೆ ಖರ್ಚು ಪಡ್ಕೊಳ್ಳೋದು ಹೇಗೆ

ಮಳೆಗಾಲದಲ್ಲಿ ಮಡಿಕೇರಿ ಸುತ್ತ ಬರೆ (ಗುಡ್ಡದ ಅಂಚು) ಕುಸಿದ್ರೆ ಮೊದ್ಲು ಓಡೋದು ಫೈರ್‌ನವ್ರು, ಪೊಲೀಸ್ರು, 108ರವ್ರು. ಸಿದ್ದಾಪುರ ಕಡೆ ತೋಟಕ್ಕೆ ಆನೆ ನುಗ್ಗಿದ್ರೆ ಫಾರೆಸ್ಟ್ ವಾಚರ್‌ಗಳು. ಇವ್ರಿಗೇ ಪೆಟ್ಟಾದಾಗ ದುಡ್ಡು ಕೈಗೆ ಬರೋದು ಹೆಚ್ಚಾಗಿ ಮೊದಲ ದಿನದ ಕಾಗದದಿಂದ, ಅದಕ್ಕೇ ಅದನ್ನ ಮೊದ್ಲು ಹೇಳ್ತೀನಿ.

ಕ್ಯಾಶುವಾಲಿಟಿಲಿ ಡಾಕ್ಟರ್ ಹೇಗಾಯ್ತು ಅಂತ ಕೇಳಿದ್ರೆ "ಜಾರಿ ಬಿದ್ದೆ ಸಾರ್" ಅಂದು ಸುಮ್ನಾಗ್ಬೇಡಿ. ಎಲ್ಲಿ, ಎಷ್ಟೊತ್ತಿಗೆ, ಯಾವ ಡ್ಯೂಟಿಲಿದ್ದಾಗ ಅಂತ ಪೂರ್ತಿ ಹೇಳಿ, ಎಂಎಲ್‌ಸಿ (ಪೊಲೀಸ್ರಿಗೂ ತಿಳಿಸೋ ಆಸ್ಪತ್ರೆ ದಾಖಲೆ) ಮಾಡಿಸಿ, ಕೇಸ್ ಶೀಟಲ್ಲಿ ಅದು ಬರೆದಿದ್ಯಾ ಅಂತ ಜೊತೆಗಿರೋರು ಕಣ್ಣಾರೆ ನೋಡ್ಲಿ, ಇಲ್ಲಾಂದ್ರೆ ಮುಂದೆ ಮನೆಲಿ ಬಿದ್ದಿದ್ದೋ ಕೆಲಸದಲ್ಲೋ ಅಂತ ಪ್ರಶ್ನೆ ಏಳುತ್ತೆ. ಅದೇ ದಿನ ಆಫೀಸಿಗೆ ಬರವಣಿಗೆಲಿ ತಿಳಿಸಿ, ಸ್ಟೇಷನ್ ಡೈರಿ ಅಥವಾ ಲಾಗ್‌ಬುಕ್ ಎಂಟ್ರಿ ಕಾಪಿ ಇಟ್ಕೊಳ್ಳಿ. ಮೈಸೂರಿಗೋ ಮಂಗಳೂರಿಗೋ ಕಳ್ಸಿದ್ರೆ ರೆಫರಲ್ ಚೀಟಿ ಜೋಪಾನ. ಜೀವಕ್ಕೆ ಅಪಾಯ ಇದ್ರೆ ಮಾತ್ರ ಏನೂ ಯೋಚ್ನೆ ಮಾಡ್ದೆ ಹೊರಡಿ, ಆ ಆಸ್ಪತ್ರೆ ನಿಮ್ಮ ಸ್ಕೀಮ್ ಪಟ್ಟಿಲಿದ್ಯಾ ಅಂತ ದಾರಿಲಿ ಫೋನ್ ಮಾಡಿ ಕೇಳಿದ್ರೂ ಸಾಕು.

ಪೊಲೀಸ್ರಿಗೆ ಆರೋಗ್ಯ ಭಾಗ್ಯ ಇದೆ, ಕ್ಯಾಶ್‌ಲೆಸ್. ಬೇರೆ ಪರ್ಮನೆಂಟ್ ನೌಕರ್ರಿಗೆ ಕರ್ನಾಟಕ ಆರೋಗ್ಯ ಸಂಜೀವಿನಿ. ಕೈಯಿಂದ ಕಟ್ಟಿದ್ರೆ ಒರಿಜಿನಲ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲಾ ಇಲಾಖೆಗೆ ಕೊಡೋ ಮೊದ್ಲು ಜೆರಾಕ್ಸ್ ಮಾಡಿಸಿ.

ನಂಗೆ ನಿಜಕ್ಕೂ ಸಂಕಟ ಆಗೋದು ಕಾಂಟ್ರ್ಯಾಕ್ಟ್‌ನವ್ರದ್ದು. ಟೆಂಪರರಿ ಅಲ್ವಾ, ನಿಮಗೇನೂ ಬರಲ್ಲ ಅಂತ ಯಾರಾದ್ರೂ ಅಂದ್ರೆ ಒಪ್ಕೊಂಡು ಮನೆಗೆ ಬರ್ಬೇಡಿ. ಪೇ ಸ್ಲಿಪ್ಪಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟಾಗ್ತಿದ್ಯಾ ನೋಡಿ, ಸಂಬಳ 21,000ದೊಳಗಿದ್ರೆ ಅದು ಅನ್ವಯ, ಕೆಲಸದ ಗಾಯಕ್ಕೆ ಇಷ್ಟು ತಿಂಗ್ಳು ಕಟ್ಟಿರ್ಬೇಕು ಅನ್ನೋ ಷರತ್ತೇ ಇಲ್ಲ, ರೆಸ್ಟಲ್ಲಿರೋ ಅಷ್ಟು ದಿನ ಸಂಬಳದ 90% ಸಿಗುತ್ತೆ, ಏಜೆನ್ಸಿ ಆಕ್ಸಿಡೆಂಟ್ ರಿಪೋರ್ಟ್ ಕಳಿಸಿದ್ಯಾ ಅಂತ ಬೆನ್ನು ಹತ್ತಿ ಕೇಳಿ. ಇಎಸ್‌ಐ ಇಲ್ದಿದ್ರೆ ನೌಕರರ ಪರಿಹಾರ ಕಾನೂನಿನ (ಈಗ ಸಾಮಾಜಿಕ ಭದ್ರತಾ ಸಂಹಿತೆ) ಪ್ರಕಾರ ಚಿಕಿತ್ಸೆಗೆ ಆದ ನಿಜವಾದ ಖರ್ಚು ಮಾಲೀಕರೇ ಕೊಡ್ಬೇಕು, ಅರ್ಜಿ 2 ವರ್ಷದೊಳಗೆ ಹಾಕ್ಬೇಕು. ಮಡಿಕೇರಿಲಿ ಕಾರ್ಮಿಕ ಇಲಾಖೆ ಆಫೀಸಲ್ಲಿ ವಿಚಾರಿಸಿ.

ಹಗ್ಗ ಹಿಡ್ಕೊಂಡು ಇಳಿಯೋ ಊರ ಹುಡುಗ್ರಿಗೆ ಮಾಲೀಕರೇ ಇಲ್ಲ. ಬಿಪಿಎಲ್ ಕುಟುಂಬ ಆದ್ರೆ ಆಯುಷ್ಮಾನ್ ಕಾರ್ಡಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಮಳೆ ಶುರುವಾಗೋ ಮೊದ್ಲೇ ಕಾರ್ಡ್ ಮಾಡಿಸಿಡಿ. ಹೋಗೋ ದಾರಿಲಿ ಗಾಡಿ ಆಕ್ಸಿಡೆಂಟ್ ಆದ್ರೆ 7 ದಿನ, 1.5 ಲಕ್ಷದವರೆಗೆ ಕ್ಯಾಶ್‌ಲೆಸ್ ಕೇಂದ್ರದ ಸ್ಕೀಮಲ್ಲಿದೆ, ಅದಕ್ಕೆ ಪೊಲೀಸ್ರಿಗೆ ಬೇಗ ತಿಳಿಸ್ಬೇಕು.